ಒದ್ದೆ ಸ್ಲೇಟಿನ ಬಣ್ಣ

ಬೀಜಗಳು ಫ್ರಿಜ್ಜಿನಲ್ಲಿ ಬೆಣ್ಣೆ ಇಡುವ ಖಾನೆಯಲ್ಲಿದ್ದವು. ಒದ್ದೆ ಮರಳಿನೊಂದಿಗೆ ಕಲೆಸಿ ಸಣ್ಣ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ತಾರೀಖು ಬರೆದ ಚೀಟಿ ಅಂಟಿಸಿದ್ದರು ಮಾಸ್ಟರು. ಕಾಲಂಬೈನ್ ಎಂಬ ಹೂಗಿಡದ ಬೀಜಕ್ಕೆ ನಾಲ್ಕು ವಾರವಾದರೂ ಚಳಿ ತಟ್ಟಬೇಕು. ಚಳಿಗಾಲ ಕಳೆಯಿತು ಎಂದು ನಂಬಿಕೆ ಬಂದ ಮೇಲೆಯೇ ಅದು ಕಣ್ಣು ಬಿಡುವುದು. ಇದನ್ನು ಅವರಿಗೆ ಹೇಳಿಕೊಟ್ಟವಳು ನಾದಿನಿ, ತೀರಿಕೊಂಡ ಹೆಂಡತಿಯ ತಂಗಿ. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು.

"ಬೆಣ್ಣೆ ಅಂತ ಬ್ರೆಡ್ಡಿಗೆ ಸವರ್ಕೊಂಡು ಬಿಟ್ಟೀರಾ ಭಾವ, ಹುಷಾರು," ಎಂದಳು ಅವಳು, ಡಬ್ಬಿಯನ್ನು ಬೆಳಕಿಗೆ ಹಿಡಿದು.

"ನನ್ನ ಕಣ್ಣು ಇನ್ನೂ ಅಷ್ಟು ಹೋಗಿಲ್ಲ."

"ಕಣ್ಣಿನ ಮಾತಲ್ಲ, ಗಮನದ ಮಾತು. ಹೋದ ವಾರ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕ್ಕೊಂಡು ನನ್ನ ಅಂಗಡಿಗೆ ಬಂದಿದ್ರಿ. ಶೇಡ್ ಮಾಸ್ಟರಂತೆ, ಶೇಡ್ ಮಾಸ್ಟರು!"

ಮಾಸ್ಟರು ನಗಲಿಲ್ಲ. ಆದರೆ ಅವಳು ಹೋದ ಮೇಲೆ ಬೀರುವಿನ ಬಾಗಿಲು ತೆಗೆದು ಕಾಲುಚೀಲಗಳನ್ನೆಲ್ಲ ಜೋಡಿ ಮಾಡಿಟ್ಟರು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಶೇಡ್ ಮಾಸ್ಟರಾಗಿದ್ದವರು ಅವರು. ಗಿರಾಕಿ ಅಂಗೈಯಗಲದ ಬಟ್ಟೆ ಚೂರು ಕಳಿಸಿ ಇದೇ ಬಣ್ಣ ಬೇಕು ಎಂದರೆ, ಯಾವ ಪುಡಿ ಎಷ್ಟು ಗ್ರಾಂ, ನೀರು ಎಷ್ಟು ಬಿಸಿ, ಎಷ್ಟು ನಿಮಿಷ ಎಂದು ಹೇಳುವ ಕೆಲಸ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವರು ಮೊದಲ ದಿನವೇ ಎರಡು ಮಾತು ಹೇಳುತ್ತಿದ್ದರು. ಒಂದು: ನೆನಪಿನಿಂದ ಬಣ್ಣ ಹೊಂದಿಸಬೇಡಿ, ಸ್ಯಾಂಪಲ್ ಪಕ್ಕದಲ್ಲಿರಲಿ, ಕಣ್ಣು ಹತ್ತು ನಿಮಿಷಕ್ಕೆ ಮರೆಯುತ್ತದೆ. ಎರಡು: ಕೆಟ್ಟ ಶೇಡು ಬಂತೆಂದು ಬಟ್ಟೆ ಬಿಸಾಡಬೇಡಿ, ಎಲ್ಲವನ್ನೂ ಕೊನೆಗೆ ಕಪ್ಪಿಗೆ ಹಾಕಬಹುದು. ಹಾಗಾಗಿ ಅವರ ಕೈಕೆಳಗೆ ಒಂದು ಗಜ ಬಟ್ಟೆಯೂ ಹಾಳಾಗಿರಲಿಲ್ಲ. ಅದು ಅವರ ಹೆಮ್ಮೆ.

ಹೆಂಡತಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ದಿನವಿಡೀ ಬೇರೆಯವರ ಮಾತು ಜೋಡಿಸಿ ಜೋಡಿಸಿ ಮನೆಗೆ ಬಂದರೆ ಅವಳ ಬಾಯಿಗೆ ಉಪವಾಸ. ಮಾಸ್ಟರೂ ಮಾತಿನ ಮಲ್ಲರೇನಲ್ಲ. ಮದುವೆಯಾದ ಹೊಸದರಲ್ಲಿ, ಇವರಿಬ್ಬರ ಮನೆಯಲ್ಲಿ ಕುಕ್ಕರೇ ವಾಚಾಳಿ ಎಂದು ನಾದಿನಿ ಹೇಳಿದ್ದಳು. ಆ ಮನೆಯಲ್ಲಿ ಜಗಳಕ್ಕೂ ಪ್ರೀತಿಗೂ ಒಂದೇ ಸದ್ದು. ಹಿತ್ತಿಲ ಬಾಗಿಲು ತೆರೆಯುವುದು, ಮುಚ್ಚುವುದು. ಅವಳು ಹಿತ್ತಿಲಿಗೆ ಹೋಗುವಳು, ಇವರು ಕಿಟಕಿಯಿಂದ ನೋಡುವರು.

ಹಿತ್ತಿಲ ಗೋಡೆಯುದ್ದಕ್ಕೂ ಅವಳ ಕಾಲಂಬೈನ್ ಪಾತಿ. ತಲೆ ತಗ್ಗಿಸಿ ತೂಗುವ ಹೂವು, ಐದು ದಳ, ಒಂದೊಂದು ದಳದ ಹಿಂದೆಯೂ ಕೊಂಡಿಯಂತೆ ಬಾಗಿದ ಬಾಲ. ಹಿಮ ಬಿದ್ದು ಎಲೆಯೆಲ್ಲ ಕರಕಲಾದರೂ ಬೇರಿನಿಂದ ಮತ್ತೆ ಎದ್ದು ಬರುವ ಗಟ್ಟಿ ಜೀವ. ಅಂಥ ಗಟ್ಟಿ ಜೀವಕ್ಕೂ ಆಯಸ್ಸು ಮೂರೋ ನಾಲ್ಕೋ ವರ್ಷ. ಅಷ್ಟರೊಳಗೆ ಬೀಜದಿಂದ ಹೊಸ ಗಿಡ ಎಬ್ಬಿಸಿಕೊಳ್ಳಬೇಕು. ಸುತ್ತಲಿನ ಮನೆಗಳಲ್ಲೂ ಈ ಹೂವಿತ್ತು, ಗುಲಾಬಿ, ಹಳದಿ, ಬಿಳಿ. ಅವಳ ಪಾತಿಯಲ್ಲಿ ಮಾತ್ರ ಒಂದೇ ಬಣ್ಣ. ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ, ಅದು ಒಣಗುವ ಮುಂಚೆ ಒಂದು ಗಳಿಗೆ ಕಾಣುತ್ತದಲ್ಲ, ಆ ಬಣ್ಣ. ಅಂಚಿನಲ್ಲಿ ಮಾತ್ರ ಉಗುರಿನ ಬುಡದಷ್ಟು ಬಿಳುಪು.

"ಇದಕ್ಕೆ ನಿಮ್ಮಲ್ಲಿ ಏನಂತಾರೆ?" ಎಂದು ಒಮ್ಮೆ ಕೇಳಿದ್ದಳು.

"ಹೆಸರಿಲ್ಲ. ಬೇಕಾದ್ರೆ ಒಂದು ನಂಬರ್ ಕೊಡಬಹುದು."

"ಬೇಡ, ಬಿಡಿ."

ಆ ಬಣ್ಣ ಹೇಗೆ ಉಳಿದಿದೆ ಎಂದು ಮಾಸ್ಟರು ಕೇಳಲಿಲ್ಲ. ಆದರೆ ಒಂದು ವಸಂತದಲ್ಲಿ ಪಾಳಿ ಬೇಗ ಮುಗಿದು ಮನೆಗೆ ಬಂದಾಗ, ಹಿತ್ತಿಲ ದಾರಿಯಲ್ಲಿ ಗಿಡಗಳ ರಾಶಿ ಬಿದ್ದಿತ್ತು. ಆಗಷ್ಟೇ ಮೊದಲ ಹೂ ಬಿಟ್ಟ ಗಿಡಗಳು, ಗುಲಾಬಿ, ನಸುಗೆಂಪು, ಬೂದಿ ಬಿಳಿ, ಬೇರು ಸಮೇತ. ಅವಳು ಮಂಡಿಯೂರಿ ಇನ್ನೊಂದನ್ನು ಕೀಳುತ್ತಿದ್ದಳು.

"ಅರಳಿದ ಹೂವನ್ನ ಕೀಳ್ತೀಯಲ್ಲ, ನಿಂಗೆ ಕೈಯಾದ್ರೂ ಹೇಗೆ ಬರುತ್ತೆ?"

"ಇವು ಅವುಗಳ ಜೊತೆ ಇರಬಾರದು."

ಅಷ್ಟೇ ಹೇಳಿದಳು ಅವಳು. ಯಾಕೆ ಎಂದು ಇವರು ಕೇಳಬಹುದಿತ್ತು. ಕೇಳದೆ ಆ ರಾಶಿಯನ್ನು ಬಾಚಿ ಬಕೆಟ್ಟಿನ ನೀರಿನಲ್ಲಿಟ್ಟರು. ಮೂರು ದಿನ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಯಾವ ವರ್ಷವೂ ಅಂಥ ರಾಶಿ ಅವರ ಕಣ್ಣಿಗೆ ಬೀಳಲಿಲ್ಲ. ಆದರೂ ಪಾತಿ ಒಂದೇ ಬಣ್ಣದಲ್ಲಿ ಅರಳುತ್ತಿತ್ತು. ತಾನಿಲ್ಲದ ಹೊತ್ತಿನಲ್ಲಿ ಕೀಳುತ್ತಾಳೆ ಎಂದು ಗೊತ್ತಾಗುತ್ತಿತ್ತು. ಇಷ್ಟು ಮೆತ್ತನೆಯ ಹೆಂಗಸಿನೊಳಗೆ ಇಂಥದೊಂದು ಕಲ್ಲು ಇದೆಯಲ್ಲ ಎಂದು ಮಾಸ್ಟರಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಅವರು ನಿವೃತ್ತರಾದ ಚಳಿಗಾಲದಲ್ಲೇ ಅವಳು ಹಾಸಿಗೆ ಹಿಡಿದಳು. ವಸಂತ ಬರುವ ಹೊತ್ತಿಗೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮಂಚ. ಮಾಸ್ಟರು ಜೀವಮಾನದಲ್ಲೇ ಮೊದಲ ಸಲ ಹಿತ್ತಿಲಿಗಿಳಿದು ಪಾತಿ ನೋಡಿಕೊಂಡರು. ದಿನಾ ಸಂಜೆ ಅವಳ ಪಕ್ಕ ಕೂತು ವರದಿ ಒಪ್ಪಿಸುವರು. ಇವತ್ತು ಎಲೆ ಬಿಚ್ಚಿದೆ, ಇವತ್ತು ಮೊಗ್ಗು ಕಂಡಿದೆ. ಅವಳು ಕಣ್ಣು ಮುಚ್ಚಿ ಕೇಳುವಳು. ಒಂದು ಸಂಜೆ ಅವರು ಸ್ವಲ್ಪ ಬೀಗುತ್ತಲೇ ಹೇಳಿದರು:

"ಹೂ ಶುರುವಾಯ್ತು. ಗುಲಾಬಿದೂ ಬಂದಿದೆ, ಬಿಳಿದೂ ಬಂದಿದೆ. ಈ ಸಲ ಒಂದನ್ನೂ ಕಿತ್ತಿಲ್ಲ ನೋಡು. ಎಲ್ಲಾ ಇರಲಿ ಅಂತ ಬಿಟ್ಟಿದೀನಿ."

ಅವಳು ಕಣ್ಣು ತೆರೆದಳು. ತುಂಬ ಹೊತ್ತು ಅವರನ್ನೇ ನೋಡಿದಳು. ಏನೋ ಹೇಳುವವಳಂತೆ ತುಟಿ ಅಲುಗಿತು. ಆಮೇಲೆ ಅವರ ಕೈಬೆರಳುಗಳ ಸಂದಿಯಲ್ಲಿದ್ದ ಮಣ್ಣನ್ನು ತನ್ನ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕಣ್ಣು ಮುಚ್ಚಿಕೊಂಡಳು.

ಆ ಸುಮ್ಮನಿರುವಿಕೆಯನ್ನು ಮಾಸ್ಟರು ಸಮಾಧಾನವೆಂದು ತಿಳಿದರು.

ಹೂ ಉದುರುವ ಹೊತ್ತಿಗೆ ಅವಳು ಹೋದಳು. ಅದಾಗಿ ಹದಿನೆಂಟು ದಿನಕ್ಕೆ ಕಾಯಿ ಒಣಗಿ, ಅಲುಗಿಸಿದರೆ ಒಳಗೆ ಬೀಜ ಗಿಲಗಿಲ ಅಂದವು. ಮಾಸ್ಟರೇನು ಪೆದ್ದರಲ್ಲ. ಹೂವಿದ್ದಾಗಲೇ ಒದ್ದೆ ಸ್ಲೇಟಿನ ಬಣ್ಣದ ಗಿಡಗಳಿಗೆ ಬಿಳಿ ದಾರ ಕಟ್ಟಿ ಗುರುತು ಮಾಡಿಟ್ಟಿದ್ದರು. ಆ ಗಿಡಗಳ ಕಾಯನ್ನು ಮಾತ್ರ ಕಾಗದದ ಮೇಲೆ ಕೊಡವಿಕೊಂಡರು. ಸಾಸಿವೆಗಿಂತ ಸಣ್ಣ, ಕರ್ರಗೆ ಮಿರಮಿರ ಮಿಂಚುವ ಬೀಜ. ಅವನ್ನು ಔಷಧಿಯ ಲಕೋಟೆಗೆ ತುಂಬಿ ಅವಳ ಕನ್ನಡಕದ ಡಬ್ಬಿಯಲ್ಲಿಟ್ಟರು.

ಆ ವರ್ಷ ಹಳೆ ಗಿಡಗಳ ಆಯಸ್ಸೂ ಮುಗಿದಿತ್ತು. ಚಳಿಗಾಲದ ಮಳೆಗೆ ಬೇರು ಕೊಳೆತು ಒಂದೂ ಏಳಲಿಲ್ಲ. ಉಳಿದದ್ದು ಲಕೋಟೆಯ ಬೀಜ ಮಾತ್ರ. ಅವಳ ಸೀರೆ, ಕನ್ನಡಕ, ಫೋಟೋ ಎಲ್ಲ ಮನೆಯಲ್ಲಿದ್ದವು. ಆದರೆ ಅವಳು ತಾನೇ ಮಾಡಿದ್ದು ಎಂದು ಈ ಲೋಕದಲ್ಲಿದ್ದದ್ದು ಆ ಬಣ್ಣವೊಂದೇ. ಅದನ್ನು ಮತ್ತೆ ಒಂದು ಸಲ ಕಣ್ಣಾರೆ ನೋಡಬೇಕು, ಉಳಿಸಬೇಕು ಎಂಬುದು ಅವರಿಗೆ ಹಟವಾಗಿ ಕೂತುಬಿಟ್ಟಿತು.

ಮೊದಲ ಸಲ ಬಿತ್ತಿದಾಗ ತಪ್ಪಾಯಿತು. ಅರ್ಧ ಬೀಜವನ್ನು ಟ್ರೇಗಳಲ್ಲಿ ಹಾಕಿ, ಮೇಲೆ ಬೆರಳು ದಪ್ಪಕ್ಕೆ ಮಣ್ಣು ಹರಡಿ, ಹಲಗೆಯಿಂದ ಅದುಮಿ ಒಪ್ಪ ಮಾಡಿದರು. ಕಾರ್ಖಾನೆಯ ಶಿಸ್ತು. ಐದು ವಾರ ಕಳೆದರೂ ಮಣ್ಣು ಮಣ್ಣಾಗಿಯೇ ಇತ್ತು.

ನಾದಿನಿ ಬಂದು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ಭಾವ, ಇದಕ್ಕೆ ಬೆಳಕು ಬೇಕು! ಮಣ್ಣಿನ ಮೇಲೆ ಸುಮ್ನೆ ಉದುರಿಸಿ ಬಿಡೋದು. ಹೀಗೆ ಹೂತುಬಿಟ್ರೆ..." ಎನ್ನುತ್ತಿದ್ದವಳು ಗಕ್ಕನೆ ನಿಲ್ಲಿಸಿದಳು. ಮಾಸ್ಟರು ಬೇರೆ ಕಡೆ ನೋಡುತ್ತಿದ್ದರು.

ಉಳಿದರ್ಧವೇ ಫ್ರಿಜ್ಜಿನ ಡಬ್ಬಿಯಲ್ಲಿದ್ದದ್ದು. ಈ ಸಲ ಮಣ್ಣು ಮುಚ್ಚಲಿಲ್ಲ. ಬೀಜ ಉದುರಿಸಿ, ಮಂಜಿನಂತೆ ನೀರು ಚಿಮುಕಿಸಿ, ಟ್ರೇ ಮೇಲೆ ಗಾಜು ಇಟ್ಟು, ಕಿಟಕಿಯ ಬಳಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ಇಪ್ಪತ್ತಾರನೆಯ ದಿನ ಒಂದು ಕಡೆ ಹಸಿರು ಚುಕ್ಕೆ ಕಂಡಿತು. ಮಾಸ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. ಹೌದು, ಎರಡೆಲೆ. ಅವತ್ತೇ ಕೂತು ಹಲಗೆ ಚೂರುಗಳ ಮೇಲೆ ಮುಂದೆ ನೆಡುವ ಸಾಲುಗಳಿಗೆ ಗುರುತಿನ ಫಲಕ ಬರೆದರು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಿದೀರಾ?" ಎಂದಳು ನಾದಿನಿ. "ಹೊಲಿಯೋಳು ನಾನು. ನನ್ನನ್ನ ಒಂದು ಮಾತು ಕೇಳಬಾರದಾ?"

ಆ ದಿನ ಮಾಸ್ಟರು ನಕ್ಕರು. ನಾದಿನಿಯೂ ನಕ್ಕಳು. ಆದರೆ ಬೇಗನೆ, ಏನೋ ಕೆಲಸ ನೆನಪಾದವಳಂತೆ, ಎದ್ದು ಹೋದಳು.

ಒಟ್ಟು ಇಪ್ಪತ್ತಮೂರು ಸಸಿ ಬದುಕಿದವು. ಆ ವರ್ಷ ಬರೀ ಎಲೆ. ಕಾಲಂಬೈನ್ ಮೊದಲ ವರ್ಷ ಹೂ ಬಿಡುವುದಿಲ್ಲ, ಬೇರು ಇಳಿಸುವುದರಲ್ಲೇ ಕಳೆಯುತ್ತದೆ. ಮಾಸ್ಟರು ಎಲೆಯೊಳಗೆ ಹುಳು ಕೊರೆದ ಬಿಳಿ ಗೆರೆ ಕಂಡರೆ ಆ ಎಲೆ ಚಿವುಟಿದರು, ನೀರು ನಿಲ್ಲದ ಹಾಗೆ ಕಾಲುವೆ ತೆಗೆದರು. ಹಿಮ ಬಿದ್ದಾಗ ಎಲೆಯೆಲ್ಲ ಕಪ್ಪಾಯಿತು. ಹಿಮ ಕರಗಿದ ಮೇಲೆ ಇಪ್ಪತ್ತಮೂರೂ ಎದ್ದು ಬಂದವು. ಮೊಗ್ಗು ಹಸಿರಾಗಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲು ಅರಳಿದ್ದು ಗುಲಾಬಿ.

ಎಲ್ಲೋ ಒಂದು ಬೀಜ ಕಲೆತಿರಬೇಕು ಎಂದುಕೊಂಡರು ಮಾಸ್ಟರು. ಎರಡನೆಯದು ಕೊಳೆತ ನೇರಳೆ, ಮೂರನೆಯದು ಬಿಳಿ. ಆಮೇಲೆ ದಿನಕ್ಕೆರಡು ಮೂರು. ಗುಲಾಬಿ, ಮತ್ತೆ ಗುಲಾಬಿ, ಹಳದಿ ಬೆರೆತ ಕೆಂಪು. ಬೆಳಗ್ಗೆ ಎದ್ದು ಬಾಗಿಲು ತೆಗೆಯಲು ಅವರಿಗೆ ಭಯವಾಗತೊಡಗಿತು. ಭಾನುವಾರ ನಾದಿನಿ ಬರುವ ಹೊತ್ತಿಗೆ ಇಪ್ಪತ್ತೆರಡು ಅರಳಿದ್ದವು. ಒಂದು ಮಾತ್ರ ಮೊಗ್ಗು.

ನೋಡಿದವರು ಆಹಾ ಎನ್ನುವಂಥ ಪಾತಿ ಅದು. ನಾದಿನಿ ಆಹಾ ಎನ್ನಲಿಲ್ಲ. ಮೆಟ್ಟಿಲ ಮೇಲೆ ಕೂತಳು.

"ನಾನು ದಾರ ಕಟ್ಟಿದ ಗಿಡದಿಂದಲೇ ಬೀಜ ತೆಗೆದದ್ದು," ಎಂದರು ಮಾಸ್ಟರು. "ಒಂದು ಕಾಳೂ ಬೇರೆದಲ್ಲ."

"ಬೀಜ ಅದರದೇ ಭಾವ. ಪರಾಗ ಅದರದಲ್ಲ." ಅವಳು ಮಣ್ಣನ್ನೇ ನೋಡುತ್ತಿದ್ದಳು. "ಜೇನ್ನೊಣ ಎಲ್ಲಾ ಹೂವಿಗೂ ಹೋಗುತ್ತೆ. ಗುಲಾಬಿದು ಇದಕ್ಕೆ ತರುತ್ತೆ, ಬಿಳಿದು ಅದಕ್ಕೆ. ಈ ಜಾತಿ ಬಲು ಬೇಗ ಬೆರೆಯುತ್ತೆ. ಅದಕ್ಕೇ ಅಕ್ಕ ಕೀಳ್ತಿದ್ದದ್ದು. ಮೊದಲ ಹೂ ಬಿಟ್ಟ ದಿನವೇ, ನೊಣ ಬರೋಕೆ ಮುಂಚೆ."

ಮಾಸ್ಟರು ನಿಂತೇ ಇದ್ದರು. ಮೂವತ್ತೊಂದು ವರ್ಷ ಬಣ್ಣ ಬೆರೆಸಿದ ಮನುಷ್ಯನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿರಲಿಲ್ಲ.

"ನಿಂಗೆ ಯಾವಾಗಿಂದ ಗೊತ್ತು?"

ನಾದಿನಿ ಮೆಟ್ಟಿಲ ಮೇಲಿದ್ದ ಒಣ ಎಲೆಯೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟಳು.

"ನಾನು ಬೀಜ ಫ್ರಿಜ್ಜಲ್ಲಿ ಇಟ್ಟಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ಅಕ್ಕ ಹೇಳಬೇಡ ಅಂದಿದ್ಲು. ಆಸ್ಪತ್ರೇಲಿ ನೀವು ಒಂದನ್ನೂ ಕಿತ್ತಿಲ್ಲ ಅಂತ ಹೇಳಿದ್ರಲ್ಲ, ಅವತ್ತು ನೀವು ಹೋದ್ಮೇಲೆ ನಾನು ಬಂದೆ. ಅಕ್ಕ ಅಳ್ತಿದ್ಲು. ನಾನು ಈಗ್ಲೇ ಹೋಗಿ ಕಿತ್ತು ಬರ್ತೀನಿ ಕಣೇ, ಭಾವಂಗೆ ಹೇಳ್ತೀನಿ ಅಂದೆ. ಬೇಡ ಅಂದ್ಲು. 'ಅವರು ಇಷ್ಟು ವರ್ಷಕ್ಕೆ ಈಗ ಹಿತ್ತಿಲಿಗೆ ಇಳಿದಿದಾರೆ. ಮಾಡಿದ್ದು ತಪ್ಪು ಅಂದ್ರೆ ಮತ್ತೆ ಇಳಿಯಲ್ಲ. ನಾನು ಹೋದ್ಮೇಲೆ ಅವರಿಗೆ ಅದೊಂದಾದ್ರೂ ಇರಲಿ' ಅಂದ್ಲು."

ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಕೊಡವಿ ಒಣಹಾಕುತ್ತಿದ್ದ ಸದ್ದು. ಮಾಸ್ಟರು ಅದು ಮುಗಿಯುವ ತನಕ ಕಾದರು.

"ಅವತ್ತು ಇನ್ನೂ ನಾಲ್ಕೇ ಹೂ ಅರಳಿತ್ತು," ಎಂದರು. "ಒಂದು ಮಾತು ಹೇಳಿದ್ರೆ ಸಾಕಿತ್ತು. ಬಸ್ಸು ಹತ್ತಿ ಬಂದು ಕಿತ್ತುಬಿಡ್ತಿದ್ದೆ. ಬಣ್ಣ ಉಳೀತಿತ್ತು."

"ಹೌದು."

"ನೀನೂ ಅಷ್ಟೇ. ಎರಡು ವರ್ಷ ನನ್ನ ಕುಣಿಸಿದೆ. ಕುಲಾವಿ ಅಂತೆ."

"ಒಂದೆರಡಾದ್ರೂ ಅದೇ ಬಣ್ಣ ಬರಬಹುದು ಅಂತ ಆಸೆ ಇತ್ತು ಭಾವ. ದೇವರಾಣೆ. ಮತ್ತೆ... ನೀವು ಬೆಳಗ್ಗೆ ಎದ್ದು ಹಲ್ಲುಜ್ಜೋಕೆ ಒಂದು ಕಾರಣ ಬೇಕಿತ್ತಲ್ಲ."

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಅಕ್ಕತಂಗೀರು ಸೇರಿ ನಂಗೆ ಬಂಗಾರದ ಗೋರಿ ಕಟ್ಟಿದ್ರಿ. ಹೋಗು."

ಅವಳು ಹೋದಳು. ಬಾಗಿಲು ಮುಚ್ಚಿದ ಸದ್ದೂ ಆಗಲಿಲ್ಲ.

ನಾಲ್ಕು ದಿನ ಮಾಸ್ಟರು ಹಿತ್ತಿಲಿಗೆ ಹೋಗಲಿಲ್ಲ. ಒಳಗೆ ಕೂತು ಆ ಒಂದು ಸಂಜೆಯನ್ನೇ ತಿರುವಿ ಹಾಕಿದರು. ಅವಳ ತುಟಿ ಅಲುಗಿದ್ದು, ಬೆರಳ ಸಂದಿಯ ಮಣ್ಣು ಉಜ್ಜಿದ್ದು. ಹದಿನಾಲ್ಕು ವರ್ಷ ಮಂಡಿಯೂರಿ ಮಾಡಿದ ಬಣ್ಣವನ್ನು ಅವಳು ಅಷ್ಟು ಹೊತ್ತಿನಲ್ಲಿ ಬಿಟ್ಟುಕೊಟ್ಟಿದ್ದಳು. ಯಾತಕ್ಕೆ? ಗಂಡನ ಮುಖ ಸಪ್ಪಗಾಗದಿರಲಿ ಎಂದು. ಅದು ಪ್ರೀತಿಯೇ ಇರಬಹುದು. ಅಥವಾ ಈ ಮನುಷ್ಯನಿಗೆ ಹೇಳಿ ಪ್ರಯೋಜನವಿಲ್ಲ ಎಂಬ ಹಳೆಯ ದಣಿವೂ ಇರಬಹುದು. ಯಾಕೆ ಎಂದು ಅವತ್ತು ದಾರಿಯಲ್ಲಿ ನಿಂತು ಒಂದೇ ಒಂದು ಸಲ ಕೇಳಿದ್ದರೆ ಅವಳು ಹೇಳುತ್ತಿದ್ದಳು. ಕೇಳದವನಿಗೆ ಹೇಳದೆ ಹೋದಳು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಅದು ಬಂದು ನಿಲ್ಲುವುದು ತಮ್ಮ ಕಾಲ ಬಳಿಯೇ.

ಶುಕ್ರವಾರ ಬೆಳಗ್ಗೆ ಕಿಟಕಿಯಿಂದ ನೋಡಿದಾಗ ಇಪ್ಪತ್ತಮೂರನೆಯದು ಅರಳಿತ್ತು.

ಚಪ್ಪಲಿ ಹಾಕುವುದನ್ನೂ ಮರೆತು ಓಡಿದರು. ಕಡುಬಣ್ಣ. ನೀಲಿಯಲ್ಲ, ನೇರಳೆಯಲ್ಲ, ಒದ್ದೆ ಸ್ಲೇಟು. ಮಂಡಿಯೂರಿ ಹೂವನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಇದೇ. ಇದೇ ಅಲ್ಲವೇ? ಕಣ್ಣು ಮುಚ್ಚಿ ಹಳೆಯದನ್ನು ನೆನೆದುಕೊಳ್ಳಲು ನೋಡಿದರು. ಆದರೆ ಕಣ್ಣು ಮುಚ್ಚಿದರೆ ಕಾಣುವುದು ಈ ಹೂವೇ. ಹಳೆಯದು ಇದಕ್ಕಿಂತ ತಿಳಿಯಾಗಿತ್ತೇ? ಬೂದು ಹೆಚ್ಚಿತ್ತೇ? ಹಿಡಿಯಲು ಹೋದಷ್ಟೂ ಹೊಸ ಬಣ್ಣ ಹಳೆಯದರ ಮೇಲೆ ಹರಡಿ ಕೂತಿತು. ಪಕ್ಕದಲ್ಲಿಡಲು ಸ್ಯಾಂಪಲ್ ಇಲ್ಲ. ಲೋಕದಲ್ಲಿ ಅದನ್ನು ಸರಿಯಾಗಿ ನೋಡಿದ ಕಣ್ಣು ಇನ್ನೊಂದೇ ಜೊತೆ ಉಳಿದಿತ್ತು.

ಒಳಗೆ ಹೋಗಿ ಹೊಲಿಗೆ ಅಂಗಡಿಗೆ ಫೋನು ಮಾಡಿದರು. "ಸ್ವಲ್ಪ ಬಂದು ಹೋಗ್ತೀಯಾ," ಎಂದರು. ಅಷ್ಟು ಹೇಳಿ ಫೋನಿಟ್ಟರು.

ನಾದಿನಿ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿಬಂದಳು. ಮಾಸ್ಟರಿಗೆ ಏನೋ ಆಗಿದೆ ಎಂದುಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ಅವರು ಬರಿಗಾಲಲ್ಲಿ ಪಾತಿಯ ಬಳಿ ನಿಂತಿದ್ದರು.

"ನಂಗೆ ನೆನಪಾಗ್ತಿಲ್ಲ," ಎಂದರು. "ಇದು ಅದೇನಾ? ನೋಡಿ ಹೇಳು. ಈ ಸಲ ನನ್ನ ಮುಖ ನೋಡಬೇಡ. ಹೂ ನೋಡಿ ಹೇಳು."

ಅವಳು ಬಗ್ಗಿದಳು. ಹೂವನ್ನು ಮುಟ್ಟಲಿಲ್ಲ. ಬಟ್ಟೆಯ ನೇಯ್ಗೆ ನೋಡುವ ಹಾಗೆ ತಲೆ ಓರೆ ಮಾಡಿ ತುಂಬ ಹೊತ್ತು ನೋಡಿದಳು. ಮಾಸ್ಟರು ಅವಳ ಬೆನ್ನನ್ನು ನೋಡುತ್ತ ನಿಂತರು.

"ಅಲ್ಲ ಭಾವ," ಎಂದಳು. "ಹತ್ತಿರ ಇದೆ. ಆದ್ರೆ ಇದಕ್ಕೆ ಬಿಳಿ ಅಂಚಿಲ್ಲ. ಅಕ್ಕಂದ್ರಲ್ಲಿ ಇಷ್ಟು ಕೆಂಪು ಛಾಯೆ ಇರಲಿಲ್ಲ."

ಮಾಸ್ಟರು ತಲೆಯಾಡಿಸಿದರು. ಶೇಡ್ ರೂಮಿನಲ್ಲಿ ಹತ್ತಿರ ಎಂಬ ಮಾತನ್ನು ಅವರು ಎಂದೂ ಒಪ್ಪಿದವರಲ್ಲ. ಹತ್ತಿರ ಅಂದರೆ ಬೇರೆ.

ಗೋಡೆಗೆ ಒರಗಿಸಿದ್ದ ಕೈಗುದ್ದಲಿ ತೆಗೆದುಕೊಂಡರು. ಇದೊಂದನ್ನು ಉಳಿಸಿಕೊಂಡು, ಉಳಿದವನ್ನೆಲ್ಲ ಕಿತ್ತು, ಮತ್ತೆ ಮೊದಲಿನಿಂದ ಶುರು ಮಾಡಬೇಕೆಂದು ಮನಸ್ಸಿಗೆ ಬಂದಿತ್ತೋ, ಅಥವಾ ಬರೀ ಸಿಟ್ಟೋ, ಅವರಿಗೇ ತಿಳಿಯಲಿಲ್ಲ. ಕೊನೆಯಲ್ಲಿದ್ದ ಗುಲಾಬಿ ಹೂವಿನ ಗಿಡದ ಬುಡಕ್ಕೆ ಗುದ್ದಲಿ ಹಾಕಿ ಎಳೆದರು. ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ನೆಲಕ್ಕೆ ಕೊಟ್ಟು ಜಗ್ಗಿದರು. ಮಣ್ಣಿನೊಳಗೆ ಏನೋ ಟಕ್ಕೆಂದು, ಗೇಣುದ್ದದ ಬೇರು ಅರ್ಧ ಮುರಿದು ಕೈಗೆ ಬಂತು. ಮಾಸ್ಟರು ಏದುಸಿರು ಬಿಡುತ್ತ ಅದನ್ನೇ ನೋಡಿದರು.

"ಇಷ್ಟು ಗಟ್ಟಿ ಇರುತ್ತಾ?"

"ಇರುತ್ತೆ. ನಿಮಗೆ ಬೆಳಗಿನ ಪಾಳಿ ಇದ್ದಾಗ ಅಕ್ಕ ಕೀಳೋಳು. ಮಧ್ಯಾಹ್ನ ನಮ್ಮನೆಗೆ ಬಂದು ಸೊಂಟಕ್ಕೆ ಮುಲಾಮು ಹಚ್ಚಿಸ್ಕೊಂಡು ಹೋಗೋಳು."

"ಬೇಜಾರಾಗ್ತಿತ್ತಾ ಅವಳಿಗೆ?"

"ಬಿಳಿ ಹೂ ಕೀಳೋ ದಿನ ಊಟ ಮಾಡ್ತಿರಲಿಲ್ಲ."

ಮಾಸ್ಟರು ಇನ್ನೊಂದು ಗಿಡಕ್ಕೆ ಕೈ ಹಾಕಲಿಲ್ಲ. ಕಿತ್ತ ಗಿಡವನ್ನು ಅದೇ ಗುಂಡಿಗೆ ಇಳಿಸಿ, ಸುತ್ತ ಮಣ್ಣು ಸರಿಸಿ, ಎರಡೂ ಅಂಗೈಯಲ್ಲಿ ಮೆಲ್ಲಗೆ ಒತ್ತಿದರು. ಹೂ ಆಗಲೇ ಜೋಲು ಬಿದ್ದಿತ್ತು.

"ಇದು ಬದುಕುತ್ತಾ?"

"ಇಲ್ಲ ಭಾವ. ಬೇರು ಮುರಿದಿದೆ."

"ಹೂಂ," ಎಂದರು. ನಲ್ಲಿಯ ಬಳಿ ಹೋಗಿ ಚೊಂಬಿನಲ್ಲಿ ನೀರು ಹಿಡಿದು ತಂದು, ಅದರ ಬುಡಕ್ಕೆ, ಮಣ್ಣು ಕದಡದ ಹಾಗೆ, ಸ್ವಲ್ಪ ಸ್ವಲ್ಪವೇ ಹುಯ್ದರು. ನೀರು ಪೂರ್ತಿ ಇಂಗುವ ತನಕ ನಾದಿನಿ ಪಕ್ಕದಲ್ಲೇ ನಿಂತಿದ್ದಳು.